ಡಿಸ್ಕ್ ಬ್ರೇಕ್ ಬದಲಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಎಂಟಿಬಿಗೆ (ಮೌಂಟನ್ ಬೈಕ್ ಸೈಕಲ್‌ಗೆ) ಹೊಸ ಡಿಸ್ಕ್ ಬ್ರೇಕ್ ಹಾಕಿಸಬೇಕು, ಖರ್ಚು ಕಡಿಮೆ ಇರಬೇಕು, ಪದೇ ಪದೇ ರಿಪೇರಿ ಬೇಡ ಅನ್ನುವವರು ಇದನ್ನು ಓದಿ.

ನನ್ನ ಮೊದಲ ಆಯ್ಕೆ ಶಿಮಾನೊ ಎಂಟಿ200. ಹೈಡ್ರಾಲಿಕ್ (ದ್ರವದ ಒತ್ತಡದಿಂದ ಹಿಡಿಯುವ) ಬ್ರೇಕ್‌ಗಳಲ್ಲಿ ಇದು ಅಗ್ಗದ ಸಾಲಿನದು. ಇದಕ್ಕೆ ಹಾಕುವುದು ಮಿನರಲ್ ಆಯಿಲ್. ಬೇರೆ ಕೆಲವು ಬ್ರೇಕ್‌ಗಳಿಗೆ ಹಾಕುವ ಡಾಟ್ ಫ್ಲೂಯಿಡ್ ಹಾಗಲ್ಲ, ಗಾಳಿಯ ತೇವ ಹೀರುತ್ತದೆ, ಹಾಗಾಗಿ ಆಗಾಗ ಬದಲಿಸಬೇಕು. ಒಂದರ ಬದಲು ಇನ್ನೊಂದನ್ನು ಮಾತ್ರ ಎಂದೂ ಹಾಕಬೇಡಿ, ಸೀಲ್‌ಗಳು ಹಾಳಾಗುತ್ತವೆ. ಪ್ಯಾಡ್ ಸವೆದಂತೆ ಅದನ್ನು ಒತ್ತುವ ಪಿಸ್ಟನ್ ತಾನಾಗಿಯೇ ಮುಂದೆ ಬರುತ್ತದೆ, ನೀವು ಏನೂ ತಿರುಗಿಸಬೇಕಿಲ್ಲ. ಕೇಬಲ್ ಬ್ರೇಕ್‌ನಲ್ಲಿ ಈ ಸುಖ ಇಲ್ಲ. ಆದರೆ ಊರಿಂದ ದೂರ ಹೋಗುವವರಿಗೆ ಕೇಬಲ್ಲೇ ವಾಸಿ, ದಾರಿಯಲ್ಲೇ ಸರಿ ಮಾಡಿಕೊಳ್ಳಬಹುದು ಅಲ್ವಾ? ಅವರು ಏವಿಡ್ ಬಿಬಿ7 ನೋಡಿ, ಎರಡೂ ಪ್ಯಾಡ್‌ಗಳನ್ನು ಕೈಯಲ್ಲೇ ತಿರುಗಿಸಿ ಹೊಂದಿಸಬಹುದು.

ಕೊಳ್ಳುವ ಮುಂಚೆ ಫ್ರೇಮ್, ಫೋರ್ಕ್ ಎರಡನ್ನೂ ನೋಡಿ: ಬ್ರೇಕ್ ಕೂರಿಸುವ ಜಾಗ ಪೋಸ್ಟ್ ಮೌಂಟಾ, ಐಎಸ್ ಮೌಂಟಾ? ರೋಟರ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ) 160 ಮಿ.ಮೀ. ಇದೆಯಾ, 180 ಇದೆಯಾ? ಅದರ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಅಂತ ಬರೆದಿದ್ದರೆ ಮೆಟಲ್ ಪ್ಯಾಡ್ ಹಾಕಬೇಡಿ, ರೋಟರ್ ಬೇಗ ತಿಂದುಹೋಗುತ್ತದೆ. ಆಯಿಲ್ ತುಂಬಿಸಿ ಜೋಡಿಸಿರುವ ಸೆಟ್ ಸಿಕ್ಕರೆ ಅದನ್ನೇ ತಗೊಳ್ಳಿ. ಹೋಸ್ (ಆಯಿಲ್ ಹೋಗುವ ಕೊಳವೆ) ಉದ್ದ ಮಾತ್ರ ಅಳೆದುಕೊಳ್ಳಿ. ತುಸು ಜಾಸ್ತಿ ಇದ್ದರೆ ನಡೆಯುತ್ತದೆ, ಕಡಿಮೆ ಆದರೆ ಕಷ್ಟ.

ಹಾಕಿದ ಮೇಲೆ ಸಮತಟ್ಟಾದ ಜಾಗದಲ್ಲಿ ಇಪ್ಪತ್ತು ಸಲವಾದರೂ ವೇಗ ಹಿಡಿದು, ನಿಧಾನವಾಗಿ ಬ್ರೇಕ್ ಒತ್ತಿ, ಹೊಸ ಪ್ಯಾಡ್ ರೋಟರ್‌ಗೆ ಹೊಂದಿಕೊಳ್ಳಲಿ. ಅಲ್ಲಿಯವರೆಗೆ ದಯವಿಟ್ಟು ಯಾರೂ ಇಳಿಜಾರಿಗೆ ಹೋಗಬೇಡಿ. ರೋಟರ್‌ಗೆ ಎಣ್ಣೆ ಕೈ ತಾಗಿಸಬೇಡಿ. ನಿಮ್ಮ ಮೌಂಟ್ ಯಾವುದು ಅಂತ ಗೊತ್ತಾಗದಿದ್ದರೆ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.