ತಪ್ಪಿಹೋದ ದಿನಗಳನ್ನೂ ಬರೆದಿಟ್ಟವರಿಗೆ

ಡಿಗ್ರಿ ಪಾಸಾಯಿತು. ಬಿ.ಎ., ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಿಂದ. ಪಿಯುಸಿ ಮುಗಿಸಿ ಮದುವೆಯಾಗಿ ತೀರ್ಥಹಳ್ಳಿ ಕಡೆಯ ಈ ಅಡಿಕೆ ತೋಟದ ಮನೆಗೆ ಬಂದವಳು, ಮಗ ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಮತ್ತೆ ಪುಸ್ತಕ ಹಿಡಿದಿದ್ದೆ. ರಿಸಲ್ಟ್ ಬಂದಾಗಿನಿಂದ ಸಿಕ್ಕವರೆಲ್ಲ "ಅದೆಲ್ಲಿ ಪುರುಸೊತ್ತು ಸಿಕ್ತು ಮಾರಾಯ್ತಿ ನಿಂಗೆ" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಉತ್ತರ ಹೇಳುವುದಕ್ಕಿಂತ ಇಲ್ಲಿ ಥ್ಯಾಂಕ್ಸ್ ಹೇಳಿಬಿಡುತ್ತೇನೆ, ಅದರಲ್ಲೇ ಉತ್ತರವೂ ಇದೆ.

ಮನೆಯವರಿಗೆ ಮನೆಯಲ್ಲೇ ಹೇಳಿಯಾಗಿದೆ, ಹೋಳಿಗೆ ಮಾಡಿ. ಇಲ್ಲಿ ಹೇಳಬೇಕಾದ್ದು ನನ್ನ ಮುಖವನ್ನೇ ನೋಡದವರಿಗೆ. ತಮ್ಮ ಬದುಕನ್ನು ತಾವೇ ಒಂಚೂರು ತಿದ್ದಿಕೊಳ್ಳಲು ಹೊರಟು, ಅದು ಹೇಗಾಯಿತು, ಎಲ್ಲಿ ಕೈಕೊಟ್ಟಿತು ಅಂತ ಕೂತು ಇಂಟರ್ನೆಟ್ಟಿನಲ್ಲಿ ಬರೆದರಲ್ಲ, ಅವರಿಗೆ.

ಅಡಿಕೆಗೆ ಕೊಳೆ ರೋಗ ಬಂದ ವರ್ಷ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡರೂ ಅವನ್ನು ಕಲಸಿದ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡಬೇಕು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ನಮ್ಮ ಮೇಲೆ ಮಾತ್ರ ಕರುಣೆ ತೋರಿಸುತ್ತದೆಯೇ? ಬೆಳಗ್ಗೆ ತೋಟಕ್ಕೆ ಇಳಿದರೆ ಮರದ ಬುಡದಲ್ಲಿ ಹಸಿ ಕಾಯಿ ಉದುರಿ ಬಿದ್ದಿರುತ್ತಿತ್ತು. ಅದರ ಹಿಂದೆಯೇ ಎಲೆಚುಕ್ಕಿ ರೋಗ. ಆ ನಡುವೆ ನನ್ನ ಅಮ್ಮ ತೀರಿಕೊಂಡರು. ಸಾಲದ ವಿಷಯ ಬಿಡಿ. ಮಾತು ಬೇಡ, ಜನ ಬೇಡ ಅನ್ನಿಸಿಬಿಟ್ಟಿತ್ತು. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ, ಅದೂ ಕರೆಂಟ್ ಹೋಗಿ ಟವರ್ ಮಲಗಿರದಿದ್ದರೆ. ನಿದ್ದೆ ಬರದ ರಾತ್ರಿ ಅಲ್ಲಿ ಕಂಬಳಿ ಹೊದ್ದು ಕೂತು ಏನೇನೋ ಓದುತ್ತಿದ್ದೆ.

ಮೊದಮೊದಲು ಸಿಕ್ಕಿದ್ದೆಲ್ಲ ಉಪದೇಶ. ಬೆಳಗ್ಗೆ ನಾಲ್ಕಕ್ಕೆ ಏಳಿ, ಬದುಕು ಬದಲಾಗುತ್ತದೆ! ನಾಲ್ಕಕ್ಕೆ ಎದ್ದವರೆಲ್ಲ ಉದ್ಧಾರ ಆಗುವ ಹಾಗಿದ್ದರೆ ನಮ್ಮೂರಲ್ಲಿ ಹಾಲು ಕರೆಯುವ ಹೆಂಗಸರೆಲ್ಲ ಇಷ್ಟೊತ್ತಿಗೆ ಬಂಗಲೆ ಕಟ್ಟಿಸಬೇಕಿತ್ತು. ಹೀಗೆ ಹೇಳುವವರ ಬಚ್ಚಲ ಒಲೆಗೆ ಬೆಂಕಿ ಹಾಕುವವರು ಯಾರು ಅಂತ ನನಗೆ ಈಗಲೂ ಅನುಮಾನ.

ಆಮೇಲೆ ಒಬ್ಬ ನರ್ಸ್ ಬರೆದದ್ದು ಸಿಕ್ಕಿತು. ನೈಟ್ ಡ್ಯೂಟಿ ಮಾಡಿಕೊಂಡು, ಎರಡು ಸಣ್ಣ ಮಕ್ಕಳನ್ನು ಇಟ್ಟುಕೊಂಡು, ಯಾವುದೋ ಪರೀಕ್ಷೆಗೆ ಓದುತ್ತಿದ್ದವರು. ಅವರು ಯಾರಿಗೂ ಏನನ್ನೂ ಮಾಡಿ ಅನ್ನಲಿಲ್ಲ. ತಾನು ಏನು ಮಾಡಿದೆ ಅಂತ ಮಾತ್ರ ಬರೆದರು. ಪುಸ್ತಕವನ್ನು ಮುಚ್ಚಿ ಕಪಾಟಿನಲ್ಲಿ ಇಡುವುದಿಲ್ಲ, ಓದುತ್ತಿದ್ದ ಪುಟ ತೆರೆದು ಮಧ್ಯೆ ಪೆನ್ ಇಟ್ಟು ಒಲೆಯ ಪಕ್ಕ ಇಡುತ್ತೇನೆ, ಟೀ ಕುದಿಯುವಷ್ಟು ಹೊತ್ತು ಓದುತ್ತೇನೆ, ಕುದಿದ ಮೇಲೆ ಮನಸ್ಸಿದ್ದರೆ ಇನ್ನಷ್ಟು, ಇಲ್ಲದಿದ್ದರೆ ಇಲ್ಲ. ಇಷ್ಟೇ. ಇದನ್ನು ಓದಿದ ಮಾರನೇ ದಿನ ನಾನು ಅರ್ಥಶಾಸ್ತ್ರದ ಪುಸ್ತಕವನ್ನು ಅಕ್ಕಿ ಡಬ್ಬಿಯ ಮೇಲೆ ತೆರೆದಿಟ್ಟೆ. ಮಧ್ಯಾಹ್ನ ಪಾತ್ರೆ ತೊಳೆದು ಕೈ ಒರೆಸಿಕೊಂಡ ಕೂಡಲೇ ಒಂದು ಪುಟ. ಅತ್ತೆ ಬಂದು ನೋಡಿ, "ಅಕ್ಕಿ ತೆಗೀಬೇಕಲ್ಲೇ" ಅಂದರು. ಪುಸ್ತಕ ಉಪ್ಪಿನಕಾಯಿ ಭರಣಿಯ ಪಕ್ಕಕ್ಕೆ ಹೋಯಿತು. ಅಲ್ಲೇ ಉಳಿಯಿತು.

ಇಂಥ ಹೊತ್ತು, ಇಂಥ ಜಾಗ, ಇದಾದ ಮೇಲೆ ಇದು ಅಂತ ಮೊದಲೇ ಗೊತ್ತು ಮಾಡಿಕೊಂಡರೆ ಕೆಲಸ ಆಗುವುದು ಜಾಸ್ತಿ ಅಂತ ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲೇ ಬರೆದಿದ್ದರು ಎಂದು ಆಮೇಲೆ ಗೊತ್ತಾಯಿತು. ಇರಲಿ, ನನ್ನ ಮಟ್ಟಿಗೆ ಅದನ್ನು ಹೇಳಿಕೊಟ್ಟಿದ್ದು ಆ ನರ್ಸ್.

ಇನ್ನೊಬ್ಬರು ಗುಟ್ಕಾ ಬಿಡಲು ಹೊರಟವರು. ದಿನವೂ ಸಂಜೆ ಎರಡು ಸಾಲು. "ಇವತ್ತು ಹಾಕಲಿಲ್ಲ." "ಇವತ್ತು ಹಾಕಿದೆ, ತಮ್ಮನ ಹತ್ರ ಜಗಳ ಆಯ್ತು." ಮಧ್ಯೆ ಎಷ್ಟೋ ವಾರ ಏನೂ ಇಲ್ಲ. ಆಮೇಲೆ ಒಂದು ದಿನ, ಏನೂ ಆಗೇ ಇಲ್ಲ ಅನ್ನೋ ಥರ, "ಇವತ್ತು ಹಾಕಲಿಲ್ಲ". ಆ ಖಾಲಿ ವಾರಗಳಿಗೆ ಅವರು ಸಮಜಾಯಿಷಿ ಕೊಡಲೇ ಇಲ್ಲ. ನನಗೆ ಅದರಷ್ಟು ಧೈರ್ಯ ಕೊಟ್ಟಿದ್ದು ಬೇರೊಂದಿಲ್ಲ. ಗೆದ್ದವರ ಕತೆ ಓದಿದರೆ ಚಪ್ಪಾಳೆ ತಟ್ಟಬಹುದು, ಆದರೆ ಮಧ್ಯದಲ್ಲಿ ಸಿಕ್ಕಿಕೊಂಡವರ ಕತೆ ಓದಿದರೆ ಮಾತ್ರ ನನ್ನ ಪುಸ್ತಕ ನೆನಪಾಗುತ್ತಿತ್ತು.

ಹೀಗೆ ಬರೆಯುವುದು ಹೊಸದೇನಲ್ಲ. ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಚಿಕ್ಕ ವಯಸ್ಸಿನಲ್ಲಿ 13 ಗುಣಗಳ ಪಟ್ಟಿ ಮಾಡಿ, ಒಂದು ಪುಟ್ಟ ಪುಸ್ತಕದಲ್ಲಿ ಗೆರೆ ಎಳೆದು, ವಾರಕ್ಕೊಂದು ಗುಣದ ಮೇಲೆ ಗಮನ ಇಟ್ಟು, ತಪ್ಪಿದ ದಿನ ಕಪ್ಪು ಚುಕ್ಕಿ ಹಾಕುತ್ತಿದ್ದರಂತೆ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಹಳೇ ಚುಕ್ಕಿ ಕೆರೆದು ಕೆರೆದು ಪುಸ್ತಕದ ತುಂಬ ತೂತು! ಸಾಮಾನು, ಕಾಗದಪತ್ರ ಆಯಾ ಜಾಗದಲ್ಲಿಡುವ ಶಿಸ್ತು ಮಾತ್ರ ಕೊನೆಗೂ ಕೈಹತ್ತಲಿಲ್ಲ. 1784ರಲ್ಲಿ, 78ರ ವಯಸ್ಸಿನಲ್ಲಿ, ಅದನ್ನು ನಗುನಗುತ್ತಾ ಬರೆದಿದ್ದಾರೆ. ಜೊತೆಗೆ ಒಂದು ಕತೆ. ಒಬ್ಬ ಕಮ್ಮಾರನ ಹತ್ತಿರ ಕೊಡಲಿ ಕೊಂಡವನಿಗೆ ಅಲಗಿನ ಹಾಗೆ ಪೂರ್ತಿ ಕೊಡಲಿಯೂ ಫಳಫಳ ಹೊಳೆಯಬೇಕು ಅಂತ ಆಸೆ. ಸರಿ, ಸಾಣೆ ಚಕ್ರ ನೀನೇ ತಿರುಗಿಸು ಅಂದ ಕಮ್ಮಾರ. ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋಗಿ, ಅಲ್ಲಲ್ಲಿ ಚುಕ್ಕಿ ಉಳಿದಿರುವಾಗಲೇ, ನನಗೆ ಚುಕ್ಕಿ ಇರುವ ಕೊಡಲಿಯೇ ಇಷ್ಟ ಅಂದುಬಿಟ್ಟನಂತೆ. ಫ್ರಾಂಕ್ಲಿನ್ ಹೇಳಿದ್ದು ಅರ್ಧಕ್ಕೆ ಬಿಡುವವರ ನೆಪದ ಬಗ್ಗೆ. ನನಗೇನೋ ಆ ಕೊಡಲಿಯವನ ಮೇಲೆ ಪ್ರೀತಿಯೇ ಬಂತು. ಚುಕ್ಕಿ ಇದ್ದರೂ ಮರ ಕಡಿಯುತ್ತದಲ್ವಾ?

ನಾನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಶುರು ಮಾಡಿದೆ. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ನನಗೆ ಆಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ ಅಂತ ತಿಳಿಸಿಕೊಟ್ಟವರು ಇನ್ನೊಬ್ಬ ಬರಹಗಾರ್ತಿ. ಆ 21ರ ಮಾತು ಹುಟ್ಟಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದರಿಂದ, ಆಪರೇಷನ್ ಆದವರು ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಸುಮಾರು ಅಷ್ಟು ದಿನ ಬೇಕು ಅಂತ. ಮುಂದೆ ಲಂಡನ್ನಿನಲ್ಲಿ ಫಿಲಿಪಾ ಲಾಲಿ ಅನ್ನುವ ಸಂಶೋಧಕಿ ಮತ್ತು ಜೊತೆಯವರು 96 ಜನರನ್ನು ಇಟ್ಟುಕೊಂಡು ನೋಡಿದಾಗ, ಅಭ್ಯಾಸ ಕೂರಲು ಸುಮಾರು 66 ದಿನ ಬೇಕು ಅಂತ ಲೆಕ್ಕ ಬಂತು. ಆದರೆ ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕು. ಮಧ್ಯೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಇಲ್ಲ. ಇದನ್ನು ಓದಿದ ರಾತ್ರಿ ನಾನು ಎಷ್ಟೋ ದಿನದ ಮೇಲೆ ಚೆನ್ನಾಗಿ ಮಲಗಿದೆ.

ಯಾಕೆಂದರೆ ಅಡಿಕೆ ಕೊಯ್ಲು ಶುರುವಾದರೆ ನಮ್ಮನೆಯಲ್ಲಿ ಯಾವ ಅಭ್ಯಾಸವೂ ನಿಲ್ಲುವುದಿಲ್ಲ. ಹಗಲಿಡೀ ಕೊನೆ ಇಳಿಸುವುದು, ರಾತ್ರಿ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಬೆರಳೆಲ್ಲ ಕಪ್ಪು, ಪುಸ್ತಕ ಮುಟ್ಟುವ ಹಾಗಿಲ್ಲ. ಆಗ ನನ್ನ ಮೈದುನನ ಮಗಳು ಒಂದು ಉಪಾಯ ಹೇಳಿದಳು, "ದೊಡ್ಡಮ್ಮ, ನೀವು ಪಾಠ ಓದಿ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳಿ, ಸುಲಿಯೋವಾಗ ಕೇಳಿ". ಹಾಗೇ ಮಾಡಿದೆ. ನನ್ನ ದನಿಯಲ್ಲೇ ಬೇಡಿಕೆ, ಪೂರೈಕೆ ಕೇಳುತ್ತಾ ಅಡಿಕೆ ಸುಲಿದೆ. ಸುಲಿಯಲು ಬಂದ ಹೆಂಗಸರಿಗೂ ಕೇಳಿಸುತ್ತಿತ್ತು. "ಅಲ್ಲ, ಬೆಳೆ ಕಮ್ಮಿಯಾದ್ರೆ ರೇಟ್ ಏರುತ್ತೆ ಅನ್ನೋಕೆ ಇಷ್ಟು ದಪ್ಪ ಪುಸ್ತಕ ಬೇಕಾ?" ಅಂತ ಒಬ್ಬರು ಕೇಳಿದರು. ನಾನು ಪರೀಕ್ಷೆಯಲ್ಲಿ ಬರೆದದ್ದೂ ಸುಮಾರು ಅಷ್ಟೇ.

ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಜೊತೆಗೆ ಬರುತ್ತಿದ್ದ, ಮಂಡಗದ್ದೆ ದಾಟುವ ತನಕ ಪ್ರಶ್ನೆ ಕೇಳಿ ಕೇಳಿ ಉತ್ತರ ಹೇಳಿಸುತ್ತಿದ್ದ ಗೆಳತಿಗೂ ಥ್ಯಾಂಕ್ಸ್. ಅವಳದ್ದೂ ಪಾಸಾಗಿದೆ, ನನಗಿಂತ ಜಾಸ್ತಿ ಮಾರ್ಕ್ಸ್, ಅದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ.

ಆ ನರ್ಸ್ ಈಗ ಬರೆಯುವುದು ನಿಲ್ಲಿಸಿದ್ದಾರೆ. ಅವರ ಪರೀಕ್ಷೆ ಏನಾಯಿತೋ ತಿಳಿಯಲಿಲ್ಲ. ಗುಟ್ಕಾ ಬಿಡುತ್ತಿದ್ದವರು ಈಗಲೂ ಆಗೊಮ್ಮೆ ಈಗೊಮ್ಮೆ ಎರಡು ಸಾಲು ಬರೆಯುತ್ತಾರೆ. ಸುಮ್ನೆ ನಮ್ಮ ಪಾಡಿಗೆ ಬರೆದುಕೊಂಡೆವು, ಯಾರು ಓದುತ್ತಾರೆ ಅಂತ ನೀವು ಅಂದುಕೊಂಡಿದ್ದರೆ, ನಾನು ಓದಿದೆ. ಕೆಲವನ್ನು ಮತ್ತೆ ಮತ್ತೆ ಓದಿದೆ. ನಿಮಗೆ ತುಂಬಾ ತುಂಬಾ ಥ್ಯಾಂಕ್ಸ್.

ನನ್ನ ಬಿ.ಎ. ಪುಸ್ತಕಗಳು ಹಾಗೇ ಇವೆ. ಓದಲು ಹೊರಟ ಹೆಣ್ಣುಮಕ್ಕಳು ಯಾರಾದರೂ ಇದ್ದರೆ ಹೇಳಿ, ತೀರ್ಥಹಳ್ಳಿ ಬಸ್‌ಸ್ಟ್ಯಾಂಡ್ ತನಕ ನಾನೇ ತಂದುಕೊಡುತ್ತೇನೆ. ಅರ್ಥಶಾಸ್ತ್ರದ ಪುಸ್ತಕಕ್ಕೆ ಮಾತ್ರ ಉಪ್ಪಿನಕಾಯಿ ಎಣ್ಣೆ ತಾಗಿದೆ, ಓದಲು ಏನೂ ತೊಂದರೆ ಇಲ್ಲ.