ಸ್ಕ್ಯಾನಿಂಗ್ ಕೊಠಡಿಯ ಬೀಗ ತೆರೆಸಿ: ಆರೋಗ್ಯ ಸಚಿವರಿಗೆ ಒಬ್ಬ ದರ್ಜಿಯ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ 22 ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಯಂತ್ರ ತುಳಿಯುವ ಎಡಗಾಲು ಒಂದು ಮಳೆಗಾಲದಲ್ಲಿ ಬಾತುಕೊಂಡಿತು. ಬೆಳಿಗ್ಗೆ ಕಡಿಮೆ, ಸಂಜೆಗೆ ತೊಡೆಯವರೆಗೂ ಊತ. ಆನೆಕಾಲು ಇರಬೇಕೆಂದು ಓಣಿಯವರು ಪಿಸುಗುಟ್ಟಿದರು. ರಾತ್ರಿ ರಕ್ತ ತೆಗೆದು ಪರೀಕ್ಷಿಸಿದಾಗ ಅದಲ್ಲವೆಂದು ಗೊತ್ತಾಯಿತು.

ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಗಬೇಕೆಂದು ನಮ್ಮ ಸರ್ಕಾರಿ ಆಸ್ಪತ್ರೆಯ ವೈದ್ಯರು ಬರೆದುಕೊಟ್ಟರು. ಯಂತ್ರ ಅಲ್ಲಿಯೇ ಇತ್ತು. ಕೊಠಡಿಗೆ ಬೀಗ ಬಿದ್ದಿತ್ತು. ತಜ್ಞರು ಬರುವುದು ಬುಧವಾರ ಮಾತ್ರ. ನಾಲ್ಕು ಬುಧವಾರ ಅಂಗಡಿ ಮುಚ್ಚಿ ಹೋದೆ. ಮೂರು ವಾರ ಗರ್ಭಿಣಿಯರ ಸರದಿ ಮುಗಿಯುವಷ್ಟರಲ್ಲಿ ಹೊತ್ತಾಗಿತ್ತು. ಅವರಿಗೆ ಮೊದಲ ಸ್ಥಾನ ಸಿಗಲೇಬೇಕು, ನನ್ನ ತಕರಾರಿಲ್ಲ. ನಾಲ್ಕನೆಯ ವಾರ ತಜ್ಞರನ್ನು ಬೇರೆ ಕಡೆಗೆ ನಿಯೋಜಿಸಿದ್ದಾರೆಂಬ ಚೀಟಿ ಬಾಗಿಲಿಗೆ ಅಂಟಿತ್ತು. ಯಂತ್ರ ಗರ್ಭದ ಶಿಶುವನ್ನೂ ತೋರಿಸುವುದರಿಂದ, ಲಿಂಗಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಅರ್ಹ ವೈದ್ಯರಲ್ಲದೆ ಬೇರೆಯವರು ಆ ಯಂತ್ರ ಬಳಸುವಂತಿಲ್ಲ. ಇದು ತಮಗೆ ತಿಳಿದ ನಿಯಮ, ಒಳ್ಳೆಯ ನಿಯಮವೂ ಹೌದು. ಹಾಗಿದ್ದ ಮೇಲೆ ಅರ್ಹರನ್ನು ಕಳಿಸುವ ಹೊಣೆ ಯಾರದು?

ಕೊನೆಗೆ ಸಾಲ ಮಾಡಿ ಖಾಸಗಿ ಕೇಂದ್ರಕ್ಕೆ ಹೋದೆ. ಐದು ನಿಮಿಷದಲ್ಲಿ ಮುಗಿಸಿ, ತೊಡೆಯ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಬರೆದರು. ಆ ಒಂದು ಸಾಲನ್ನು ನಂಬಿ 14 ತಿಂಗಳು ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗಿದೆ. ಅದಕ್ಕಾಗಿ ಪದೇಪದೇ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ಅಳೆಯುವ ಐಎನ್‌ಆರ್ ಪರೀಕ್ಷೆ, ಪ್ರತಿ ಸಲವೂ ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ. ಊತ ಒಂದಿಷ್ಟೂ ಇಳಿಯಲಿಲ್ಲ. ದೀಪಾವಳಿಯ ಹಿಂದಿನ ರಾತ್ರಿ ಬಟ್ಟೆ ಕತ್ತರಿಸುವಾಗ ಹೆಬ್ಬೆರಳಿಗೆ ಕತ್ತರಿ ತಾಗಿತು. ರಕ್ತ ನಿಲ್ಲಲಿಲ್ಲ. ಗಿರಾಕಿಯೊಬ್ಬರ ಮಗಳಿಗೆಂದು ಹೊಲಿಯುತ್ತಿದ್ದ ಬಿಳಿ ಲಂಗವನ್ನೇ ಗಾಯಕ್ಕೆ ಸುತ್ತಿ, ನನ್ನ ಹೆಂಡತಿ ಬೆಳಗಿನ ಜಾವದವರೆಗೆ ಒತ್ತಿ ಹಿಡಿದು ಕುಳಿತಿದ್ದಳು. ಆ ಲಂಗದ ಹಣ ಕೊಟ್ಟು ತೀರಿಸಿದೆ. ಆ ರಾತ್ರಿಯನ್ನು ನಾನು ಮರೆಯಲಾರೆ ಸ್ವಾಮಿ, ಏಕೆಂದರೆ ನನ್ನ ಕಾಲಿನಲ್ಲಿ ಹೆಪ್ಪು ಇರಲೇ ಇಲ್ಲ.

ಇದ್ದದ್ದು ನೀರುಗುಳ್ಳೆಯಂಥ ಒಂದು ಚೀಲ. ಬೆಂಗಳೂರಿನ ರಕ್ತನಾಳ ಶಸ್ತ್ರಚಿಕಿತ್ಸಕರೊಬ್ಬರು ತಾವೇ ಡಾಪ್ಲರ್ ಹಿಡಿದು ತೊಡೆಸಂದಿನಲ್ಲಿ ನಿಧಾನವಾಗಿ ನೋಡಿದಾಗ ಅದು ಕಂಡಿತು. ಅಭಿಧಮನಿಯ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದ, ಗೋಡೆಯ ಹೊರಪದರದಲ್ಲಿ ಲೋಳೆಯಂಥ ದ್ರವ ತುಂಬಿಕೊಂಡು, ರಕ್ತ ಹರಿಯುವ ದಾರಿಯನ್ನು ಒಳಕ್ಕೆ ಒತ್ತುತ್ತಿತ್ತು. ದಾರಿ ಕಿರಿದಾದರೆ, ರಕ್ತ ಹೆಪ್ಪುಗಟ್ಟಿದಾಗ ಊದಿಕೊಳ್ಳುವಂತೆಯೇ ಕಾಲು ಊದಿಕೊಳ್ಳುತ್ತದೆ. ಮೋಸ ಹೋಗುವುದು ಅಲ್ಲಿಯೇ. ಎಂಆರ್‌ಐನಲ್ಲಿ ಅದು ಖಚಿತವಾಯಿತು. ವೈದ್ಯರು ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು 1947ರಲ್ಲಿ, ಅದೂ ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಲ್ಲಿ. ಹೆಚ್ಚಾಗಿ ಕಾಣುವುದು ಮಂಡಿಯ ಹಿಂದಿನ ಅಪಧಮನಿಯಲ್ಲಿ, ಅಭಿಧಮನಿಯಲ್ಲಿ ಇನ್ನೂ ಅಪರೂಪ. ಸೂಜಿಯಿಂದ ದ್ರವ ಹೀರಿದರೆ ಮತ್ತೆ ತುಂಬಿಕೊಳ್ಳುವ ಸಾಧ್ಯತೆ ಹೆಚ್ಚೆಂದು ಹೇಳಿ, ಚೀಲವನ್ನೇ ಬಿಡಿಸಿ ತೆಗೆದರು. ಊತ ಇಳಿಯಿತು. ಸಾಲ ಉಳಿದಿದೆ.

ನನ್ನ ಕಾಯಿಲೆಯನ್ನು ತಾಲ್ಲೂಕು ಆಸ್ಪತ್ರೆ ಹೆಸರಿಟ್ಟು ಗುರುತಿಸಬೇಕಿತ್ತೆಂದು ನಾನು ಹೇಳುತ್ತಿಲ್ಲ. ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿ ಇದೆ, ಅದರಲ್ಲಿ ಪಾಲನ್ನೂ ಕೇಳುತ್ತಿಲ್ಲ. ಆ ಕೊಠಡಿಗೆ ಡಾಪ್ಲರ್ ಬಲ್ಲ ಕಾಯಂ ತಜ್ಞರನ್ನು ಕೊಡಿ. ಅಷ್ಟೇ. ಸಾವಧಾನದಿಂದ ನೋಡುವ ಒಂದು ಜೊತೆ ಕಣ್ಣು ಅಲ್ಲಿದ್ದಿದ್ದರೆ, ಮೂರು ತಿಂಗಳ ಔಷಧಿಗೂ ಊತ ಇಳಿಯದಿದ್ದಾಗ ಮತ್ತೊಮ್ಮೆ ನೋಡೋಣ ಎನ್ನುವವರು ಒಬ್ಬರಿದ್ದಿದ್ದರೆ, ಈ ಪತ್ರ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಎರಡು ಬಾರಿ ಮನವಿ ಕಳಿಸಿದ್ದೇನೆ. ಎರಡೂ ಸಲ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂತು. ಪರಿಶೀಲಿಸಲು ಏನಿದೆ? ಯಂತ್ರವಿದೆ, ಕೊಠಡಿಯಿದೆ, ಹೊರಗೆ ಬೆಂಚಿನ ಮೇಲೆ ಜನರಿದ್ದಾರೆ. ತಜ್ಞರನ್ನು ಕೊಡಿ. ವಾರಕ್ಕೊಮ್ಮೆ ಎರವಲಾಗಿ ಅಲ್ಲ, ಕಾಯಂ ಆಗಿ ಕೊಡಿ.

ಕಳೆದ ಬುಧವಾರ ಹೊಲಿಗೆ ತೆಗೆಸಲು ಅದೇ ಆಸ್ಪತ್ರೆಗೆ ಹೋಗಿದ್ದೆ. ಅಡಿಕೆ ಸುಲಿಯುವ ಹೆಂಗಸೊಬ್ಬರು ಊದಿದ ಕಾಲನ್ನು ಬೆಂಚಿನ ಮೇಲಿಟ್ಟುಕೊಂಡು ಕುಳಿತಿದ್ದರು. ಮೂರನೆಯ ವಾರವಂತೆ. ಬಾಗಿಲಿಗೆ ಬೀಗ ಹಾಗೆಯೇ ಇತ್ತು.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕಿನ ಒಬ್ಬ ದರ್ಜಿ