ಗ್ವಾಂಗ್‌ಝೌ ಅಂದರೆ ಟವರ್ ಒಂದೇನಾ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪ್ರವಾಸ ಪುಟದಲ್ಲಿ ಚೀನಾದ ಗ್ವಾಂಗ್‌ಝೌ ಬಗ್ಗೆ ಬಂದ ಲೇಖನ ಓದಿದೆ. ಚಿತ್ರ ನಾಲ್ಕು, ನಾಲ್ಕರಲ್ಲೂ 600 ಮೀಟರ್ ಎತ್ತರದ ಆ ಕ್ಯಾಂಟನ್ ಟವರೇ. ಊಟದ ಬಗ್ಗೆ ಒಂದೇ ಸಾಲು, ಅದೂ ಹಾವು ತಿನ್ನುತ್ತಾರೆ ಅಂತ. ಕ್ಯಾಂಟನ್ ಅನ್ನುವುದು ಅದೇ ಊರಿನ ಹಳೆ ಹೆಸರು ಮಾರಾಯ್ರೆ, ನಿಮ್ಮ ಲೇಖಕರು ಅದನ್ನು ಬೇರೆಯೇ ಊರು ಮಾಡಿಬಿಟ್ಟಿದ್ದಾರೆ.

ನಾನು ಕುಂಬಳೆಯಲ್ಲಿ ಟೈಲ್ಸ್ ಅಂಗಡಿ ಇಟ್ಟವ. 1957ರಿಂದ ನಡೆಯುತ್ತಿರುವ ಗ್ವಾಂಗ್‌ಝೌದ ವ್ಯಾಪಾರ ಮೇಳಕ್ಕೆ ಮೂರು ಸಲ ಹೋಗಿದ್ದೇನೆ. ಮೊದಲ ಸಲ ಊಟದ ಹೆದರಿಕೆಯಿಂದ ಚೀಲ ತುಂಬ ಅವಲಕ್ಕಿ ಕಟ್ಟಿಕೊಂಡಿದ್ದೆ, ಅದು ಹಾಗೇ ವಾಪಸ್ ಬಂತು. ಬೆಳಿಗ್ಗೆ ರಸ್ತೆ ಬದಿಯಲ್ಲಿ ನಿಂತು ನೋಡಬೇಕು. ಅಕ್ಕಿ ಅರೆದ ಹಿಟ್ಟು, ನಮ್ಮ ನೀರುದೋಸೆಯದ್ದರಷ್ಟೇ ತೆಳು, ಅದನ್ನು ತಗಡಿನ ತಟ್ಟೆಗೆ ಹೊಯ್ದು ಹಬೆಪೆಟ್ಟಿಗೆಯೊಳಗೆ ತಳ್ಳುತ್ತಾರೆ, ಸ್ವಲ್ಪ ಹೊತ್ತಲ್ಲಿ ಎಳೆದು, ಕೆರೆದು, ಮಡಚಿ, ಮೇಲೆ ಸೋಯಾ ಸಾಸ್ ಸುರಿದು ಕೊಡುತ್ತಾರೆ. ಚಾಂಗ್‌ಫೆನ್ ಅಂತ ಹೆಸರು. ಗಂಜಿಯೂ ಇದೆ, ಅಗುಳು ಕರಗುವವರೆಗೆ ಬೇಯಿಸಿದ್ದು. ಇಂಗ್ಲಿಷ್ ಮೆನುವಿನಲ್ಲಿ ಅದನ್ನು 'ಕಾಂಜಿ' ಅಂತ ಬರೆದಿರುತ್ತಾರೆ. ಆ ಮಾತು ಚೀನಾದ್ದಲ್ಲ, ನಮ್ಮ ಕಡೆಯ ಕಂಜಿಯೇ ಇಂಗ್ಲಿಷಿನ ಮೂಲಕ ಅಲ್ಲಿಗೆ ಹೋದದ್ದು. ಜೊತೆಗೆ ಒಂದು ಮಾವಿನಮಿಡಿ ಇದ್ದಿದ್ದರೆ! ಎಮ್ಮೆ ಹಾಲಿನ ಕೆನೆಯನ್ನು ಎರಡು ಸಲ ಕಟ್ಟಿಸಿ ಮಾಡುವ ಒಂದು ಸಿಹಿಯೂ ಇದೆ, ಶ್ವಾಂಗ್‌ಪಿ ನಾಯ್. ಹೆದರಬೇಡಿ, ನಾಯ್ ಅಂದರೆ ಅವರ ಭಾಷೆಯಲ್ಲಿ ಹಾಲು.

ಯಾರಾದರೂ ಚಹಾ ಬಗ್ಗಿಸಿದರೆ ಎರಡು ಬೆರಳಿಂದ ಮೇಜು ತಟ್ಟಬೇಕು, ಅದೇ ಥ್ಯಾಂಕ್ಸ್. ಗೊತ್ತಿಲ್ಲದ ನಾನು ಪ್ರತಿ ಸಲ ಎದ್ದು ಕೈ ಮುಗಿಯುತ್ತಿದ್ದೆ.

ಅದೂ ನಮ್ಮ ಹಾಗೆ ಸೆಕೆ, ಮಳೆಯ ಊರು. ಹಳೆ ಪೇಟೆಯಲ್ಲಿ ಕಟ್ಟಡದ ಮೇಲಂತಸ್ತು ಕಂಬಗಳ ಮೇಲೆ ಮುಂದಕ್ಕೆ ಚಾಚಿರುತ್ತದೆ, ಜನ ಅದರಡಿಯಲ್ಲಿ ಕೊಡೆ ಬಿಡಿಸದೆ ಅಂಗಡಿಯಿಂದ ಅಂಗಡಿಗೆ ನಡೆಯುತ್ತಾರೆ. ಚೀಲೌ ಅನ್ನುತ್ತಾರೆ. ನಮ್ಮ ಹಳೆ ಅಂಗಡಿಗಳ ಮುಂದೆ ಮಾಡು ಇಳಿಸಿದ ಜಗಲಿ ಇತ್ತಲ್ವಾ, ಅದರ ಅಣ್ಣ. ನಾವು ಜಗಲಿ ಒಡೆದು ಶಟರ್ ಹಾಕಿದೆವು. ನಾನೂ ಹಾಕಿದ್ದೇನೆ, ಸುಳ್ಳು ಯಾಕೆ? ಅಲ್ಲೂ ಎನ್‌ನಿಂಗ್ ರಸ್ತೆಯ ಹಳೆ ಮನೆಗಳನ್ನು ಕೆಡವಲು ಹೊರಟಿದ್ದರು, ಕೆಲವು ಹೋಗಿಯೂ ಆಯಿತು. ಜನ ಬೇಡ ಅಂದರು. ಆಮೇಲೆ 2016ರ ಹೊತ್ತಿಗೆ ಅದೇ ರಸ್ತೆಯಲ್ಲಿ ರಿಪೇರಿ ಶುರುವಾಯಿತು. ಈಗ ಅಲ್ಲಿ ಕಾಫಿ ಅಂಗಡಿಗಳೇ ಜಾಸ್ತಿ, ಅದು ನನಗೆ ಅಷ್ಟು ಹಿಡಿಸಲಿಲ್ಲ.

ಚೆನ್ ಮನೆತನದ ದೊಡ್ಡಮನೆ ಮಾತ್ರ ನೋಡಲೇಬೇಕು. 1894ರಲ್ಲಿ ಕಟ್ಟಿ ಮುಗಿಸಿದ್ದು. 72 ತಾಲೂಕುಗಳ ಚೆನ್ ಕುಟುಂಬದವರು ದುಡ್ಡು ಹಾಕಿ, ಸರ್ಕಾರಿ ಪರೀಕ್ಷೆಗೆ ಬರುವ ತಮ್ಮ ಹುಡುಗರು ಉಳಿದುಕೊಳ್ಳಲಿ ಅಂತ ಕಟ್ಟಿಸಿದರು. ನಮ್ಮ ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ ಹಾಗೆ, ಆದರೆ ಪೇಟೆಯಲ್ಲಿ. ಮಾಡಿನ ನೆತ್ತಿಯುದ್ದಕ್ಕೂ ಬಣ್ಣದ ಮಣ್ಣಿನ ಬೊಂಬೆಗಳ ಸಾಲು, ಎಲ್ಲ ಅವರ ನಾಟಕದ ವೇಷಗಳು. ಥೇಟ್ ಯಕ್ಷಗಾನ ಆಟದ ರಂಗಸ್ಥಳವನ್ನೇ ಮಾಡಿನ ಮೇಲೆ ಹತ್ತಿಸಿದ ಹಾಗೆ. ಆ ಬೊಂಬೆ ಸುಟ್ಟದ್ದು ಪಕ್ಕದ ಫೋಶಾನ್ ನಗರದ ಶಿವಾನ್‌ನಲ್ಲಿ, ನಾನು ಟೈಲ್ಸ್ ನೋಡಲು ಹೋಗುವುದೂ ಅಲ್ಲಿಗೇ.

ಇನ್ನು ಹಬ್ಬ. ಒಮ್ಮೆ ಮೇ ತಿಂಗಳಲ್ಲಿ ನಗರದ ನಡುವಿನ ಒಂದು ಹಳ್ಳಿಯಲ್ಲಿ ಜನ ಸೊಂಟದವರೆಗೆ ಕೆಸರಿಗಿಳಿದು ಏನೋ ಅಗೆಯುತ್ತಿದ್ದರು. ನೋಡಿದರೆ ಉದ್ದದ ದೋಣಿ! ಬಿಸಿಲಿಗೆ ಮರ ಬಿರಿಯದಿರಲಿ ಅಂತ ವರ್ಷವಿಡೀ ಕೆಸರಲ್ಲಿ ಹೂತಿಡುತ್ತಾರೆ, ಡ್ರ್ಯಾಗನ್ ದೋಣಿ ಹಬ್ಬಕ್ಕೆ ಮುಂಚೆ ಎಬ್ಬಿಸಿ ತೊಳೆಯುತ್ತಾರೆ. ಪಟಾಕಿ, ಡೋಲು, ಕೂಗು. ಟವರ್ ದೂರದಲ್ಲಿ ಕಾಣುತ್ತಿತ್ತು, ಯಾರೂ ಆ ಕಡೆ ನೋಡುತ್ತಿರಲಿಲ್ಲ.

ಮುಂದಿನ ಸಲ ಚಿತ್ರ ಬೇಕಿದ್ದರೆ ಕೇಳಿ, ನನ್ನ ಮೊಬೈಲಲ್ಲಿ ದೋಣಿಯದ್ದು ಹನ್ನೊಂದು ಇವೆ. ಮೂರರಲ್ಲಿ ನನ್ನ ಹೆಬ್ಬೆರಳು ಅಡ್ಡ ಬಂದಿದೆ.

– ಟೈಲ್ಸ್ ಅಂಗಡಿಯ ಓದುಗ, ಕುಂಬಳೆ, ಕಾಸರಗೋಡು